ಕೆನೆತ್ ಆಂಡರ್ಸನ್ (1910–1974): ಬೇಟೆಗಾರರೊಬ್ಬರ ಜೀವನ ಮತ್ತು ಬೇಟೆಯ ಬಗ್ಗೆ ಅರ್ಜಿದಾರರು ಕೇಳುವ ಪ್ರಶ್ನೆಗಳು

ಸಾರ್ವಜನಿಕರ ಮಾಹಿತಿಗಾಗಿ

ಕಡಬ, ಪುತ್ತೂರು ಮತ್ತು ಸುಳ್ಯ ತಾಲ್ಲೂಕುಗಳ ನಾಗರಿಕರು ಬೆಳೆ ರಕ್ಷಣೆಯ ಕೋವಿಯ ಪರವಾನಗಿ, ಬೆಳೆ ಹಾನಿಯ ಪರಿಹಾರ, ಹಿರಿಯರ ಕಾಲದಿಂದ ಮನೆಯಲ್ಲಿರುವ ಕೊಂಬು ಹಾಗೂ ಚರ್ಮಗಳ ಘೋಷಣೆ ಮುಂತಾದ ವಿಷಯಗಳಲ್ಲಿ ಅರ್ಜಿ ಸಲ್ಲಿಸುವಾಗ, ಅರ್ಜಿಗೆ ನೇರವಾಗಿ ಸೇರದ ಇನ್ನೂ ಒಂದು ಪ್ರಶ್ನೆಯನ್ನು ಕೇಳುವುದುಂಟು. ಬೇಟೆಯನ್ನು ಹವ್ಯಾಸವಾಗಿ ಕಲಿಯಲು ಅವಕಾಶವಿದೆಯೇ, ಅದಕ್ಕೆ ಅನುಮತಿ ಎಲ್ಲಿ ಸಿಗುತ್ತದೆ ಎಂಬುದೇ ಆ ಪ್ರಶ್ನೆ. ಕಾಡಿನ ಅಂಚಿನ ಇಚಿಲಂಪಾಡಿಯಂತಹ ಗ್ರಾಮಗಳಲ್ಲಿ ಈ ಪ್ರಶ್ನೆ ಹುಟ್ಟುವುದು ಸಹಜ. ಬಾಳೆ, ಮರಗೆಣಸು, ಎಳೆಯ ಅಡಿಕೆ ಗಿಡ ಇವೆಲ್ಲ ಒಂದೇ ರಾತ್ರಿಯಲ್ಲಿ ಹಂದಿಯ ಪಾಲಾದ ಮೇಲೆ ಕೋವಿಯ ನೆನಪು ಬಾರದ ಕೃಷಿಕರು ವಿರಳ. ಅಲ್ಲದೆ ಪುತ್ತೂರು ಸೀಮೆಗೆ ಬೇಟೆಯ ಸಾಹಿತ್ಯವೂ ಹೊಸದಲ್ಲ. ಕೆದಂಬಾಡಿ ಜತ್ತಪ್ಪ ರೈ ಅವರ 'ಬೇಟೆಯ ನೆನಪುಗಳು' ಕೃತಿಯನ್ನು ಇಲ್ಲಿನ ಅನೇಕ ಮನೆಗಳಲ್ಲಿ ಓದಿದವರಿದ್ದಾರೆ.

ಕಾಯಿದೆಯ ಕಲಮುಗಳನ್ನು ಮಾತ್ರ ಮುದ್ರಿಸಿದರೆ ಓದುವವರು ಕಡಿಮೆ. ಆದ್ದರಿಂದ ಕನ್ನಡಿಗರಿಗೆ ಅತ್ಯಂತ ಪರಿಚಿತರಾದ ಬೇಟೆಗಾರ ಕೆನೆತ್ ಆಂಡರ್ಸನ್ ಅವರ ಜೀವನ ವೃತ್ತಾಂತವನ್ನು ಇಲ್ಲಿ ನೀಡಿ, ಮೇಲಿನ ಪ್ರಶ್ನೆಗಳಿಗೆ ಅದರ ನಡುವೆಯೇ ಉತ್ತರಿಸಲಾಗಿದೆ.

ಜನನ, ವಿದ್ಯಾಭ್ಯಾಸ ಮತ್ತು ಉದ್ಯೋಗ

ಆಂಡರ್ಸನ್ ಅವರು 1910ರ ಮಾರ್ಚ್ 8ರಂದು ಹೈದರಾಬಾದ್ ಸಮೀಪದ ಬೊಲಾರಂನಲ್ಲಿ ಜನಿಸಿದರು. ಅವರದು ಹಲವು ತಲೆಮಾರುಗಳಿಂದ ಭಾರತದಲ್ಲಿ ನೆಲೆಸಿದ್ದ ಸ್ಕಾಟಿಷ್ ಮೂಲದ ಕುಟುಂಬ. ತಂದೆ ಸೇನಾ ಲೆಕ್ಕಪತ್ರ ವಿಭಾಗದಲ್ಲಿದ್ದವರು. ಮಗನಿಗೆ ಕೋವಿ ಹಿಡಿಯುವುದನ್ನೂ ಕಾಡಿನ ಒಲವನ್ನೂ ಕೊಟ್ಟವರು ಅವರೇ. ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಮತ್ತು ಸಂತ ಜೋಸೆಫರ ಕಾಲೇಜಿನಲ್ಲಿ ಆಂಡರ್ಸನ್ ಅವರ ವಿದ್ಯಾಭ್ಯಾಸ ನಡೆಯಿತು. ಆನಂತರ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಸುಮಾರು 15 ವರ್ಷ ಸೇವೆ ಸಲ್ಲಿಸಿ, ಮುಂದೆ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಯೋಜನಾ ವಿಭಾಗದ ಹಿರಿಯ ಹುದ್ದೆಯಲ್ಲಿದ್ದರು. ಈ ಕಾರ್ಖಾನೆಯೇ 1964ರಿಂದ ಹಿಂದೂಸ್ತಾನ್ ಏರೋನಾಟಿಕ್ಸ್ ಎಂಬ ಹೆಸರು ಪಡೆಯಿತು.

ಬೇಟೆಯನ್ನೇ ವೃತ್ತಿಯಾಗಿಸಿಕೊಳ್ಳಬಹುದೇ ಎಂದು ಕೇಳುವ ಯುವಕರು ಈ ಅಂಶವನ್ನು ಗಮನಿಸಬೇಕು. ಆಂಡರ್ಸನ್ ತಿಂಗಳ ಸಂಬಳದ ಮೇಲೆ ಜೀವಿಸಿದವರು. ನರಭಕ್ಷಕ ಹುಲಿ ಇನ್ನೂ ಓಡಾಡುತ್ತಿರುವಾಗಲೇ ಮಂಜೂರಾದ ರಜೆ ಮುಗಿದು ಬೆಂಗಳೂರಿಗೆ ಹಿಂದಿರುಗಬೇಕಾದ ಪ್ರಸಂಗಗಳು ಅವರ ಕಥನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ರಜೆಯ ಲೆಕ್ಕ ಬಲ್ಲ ಯಾವ ನೌಕರನಿಗೂ ಈ ಪ್ರಸಂಗಗಳು ಹುಲಿಯ ಪ್ರಸಂಗಗಳಷ್ಟೇ ಆಪ್ತವೆನಿಸುತ್ತವೆ.

ನರಭಕ್ಷಕಗಳ ಬೇಟೆ

1939ರಿಂದ 1966ರ ಅವಧಿಯಲ್ಲಿ ಆಂಡರ್ಸನ್ ಅವರು 8 ನರಭಕ್ಷಕ ಚಿರತೆಗಳನ್ನೂ 7 ನರಭಕ್ಷಕ ಹುಲಿಗಳನ್ನೂ ಕೊಂದರೆಂಬುದು ಸಾಮಾನ್ಯವಾಗಿ ನೀಡಲಾಗುವ ಅಧಿಕೃತ ಸಂಖ್ಯೆ. ಹೊಸದುರ್ಗ–ಹೊಳಲ್ಕೆರೆ ಸೀಮೆ, ಕಡೂರಿನ ಬಳಿಯ ಎಮ್ಮೆದೊಡ್ಡಿ, ಇಂದು ಬೆಂಗಳೂರು ನಗರದೊಳಗೇ ಸೇರಿಹೋಗಿರುವ ಜಾಲಹಳ್ಳಿ ಇವೆಲ್ಲ ಅವರ ಕಥನಗಳ ಭೂಮಿ. ತಮಿಳುನಾಡಿನ ಗಡಿಯಲ್ಲಿ ಕನ್ನಡ ಮಾತನಾಡುವ ಜನರಿರುವ ಗುಮ್ಮಳಾಪುರದಲ್ಲಿ ಒಂದೇ ಚಿರತೆ 42 ಜನರನ್ನು ಕೊಂದಿತ್ತೆಂದು ಅವರು ದಾಖಲಿಸಿದ್ದಾರೆ.

ಈ ಚಿರತೆಯ ವಿಷಯದಲ್ಲಿ ಹೊಸಬರು ತಿಳಿಯಬೇಕಾದದ್ದು ಕೊನೆಯ ಗುಂಡಿನ ಸಂಗತಿಯಲ್ಲ, ಆ ಬಳಿಕ ನಡೆದ ಪರೀಕ್ಷೆ. ಸತ್ತ ಪ್ರಾಣಿಯ ಪಾದದಲ್ಲಿ ಮುಳ್ಳುಹಂದಿಯ ಮುರಿದ ಮುಳ್ಳುಗಳು ಹಳೆಯದಾಗಿ ಹೂತುಹೋಗಿದ್ದವು. ಕುಂಟುವ ಚಿರತೆಗೆ ಜಿಂಕೆ ಸಿಗಲಿಲ್ಲ, ಮನುಷ್ಯ ಸಿಕ್ಕಿದ. ಆಂಡರ್ಸನ್ ಅವರು ಇಂತಹ ಕಾರಣಗಳನ್ನು ಪ್ರತಿಯೊಂದು ಪ್ರಕರಣದಲ್ಲೂ ಹುಡುಕುತ್ತಿದ್ದರು. ಅವರ ಅನುಭವದಲ್ಲಿ ಪದೇ ಪದೇ ಕಂಡುಬಂದ ಕಾರಣ ಮನುಷ್ಯನದೇ: ಅರೆಬರೆ ಗುರಿಯ ಈಡು. ತೋಟದ ಬದಿಯಲ್ಲಿ ಯಾರೋ ಹಾರಿಸಿದ ಚೆರೆ ಹುಲಿಯ ದವಡೆಗೋ ಕಾಲಿಗೋ ತಗುಲಿ, ಹಾರಿಸಿದವರು ಮನೆಗೆ ಹೋಗಿ ಮಲಗುತ್ತಾರೆ. ಅದರ ಫಲವನ್ನು ಹತ್ತು ಮೈಲಿ ದೂರದಲ್ಲಿ, ಆರು ತಿಂಗಳ ನಂತರ, ದನ ಕಾಯುವ ಹುಡುಗನೊಬ್ಬ ಉಣ್ಣುತ್ತಾನೆ. ಗಾಯಗೊಂಡ ಪ್ರಾಣಿಯನ್ನು ಹಿಂಬಾಲಿಸಿ ಮುಗಿಸುವ ಹೊಣೆ ಗಾಯ ಮಾಡಿದವನದೇ ಎಂಬುದು ಆ ಕಾಲದ ಒಳ್ಳೆಯ ಬೇಟೆಗಾರರ ಮೊದಲ ನಿಯಮವಾಗಿತ್ತು. ಪೊದೆಯೊಳಗೆ ಹಾಗೆ ಹಿಂಬಾಲಿಸುವುದು ಬೇಟೆಯ ಅತ್ಯಂತ ಅಪಾಯದ ಭಾಗ. ಆದ್ದರಿಂದಲೇ ಅನೇಕರು ಅದನ್ನು ಮಾಡುತ್ತಿರಲಿಲ್ಲ.

1957ರ ಸುಮಾರಿಗೆ ಅರಸೀಕೆರೆಯ ಸೀಮೆಯಲ್ಲಿ ಕರಡಿಯೊಂದು 12 ಜನರನ್ನು ಕೊಂದು ಸುಮಾರು ಎರಡು ಡಜನ್ ಜನರನ್ನು ಗಾಯಗೊಳಿಸಿತು. ಮೃತರಲ್ಲಿ ಆಂಡರ್ಸನ್ ಅವರ ಪರಿಚಿತರಾಗಿದ್ದ ದರ್ಗಾದ ಮೇಲ್ವಿಚಾರಕರ ಮಗನೂ ಇದ್ದ. ಆ ಕರಡಿ ಒಂದೇ ಪ್ರಯತ್ನಕ್ಕೆ ಸಿಗಲಿಲ್ಲ. ಆಂಡರ್ಸನ್ ಹಲವು ಬಾರಿ ಹೋಗಿ ಬರಬೇಕಾಯಿತು. ಕರಡಿ ಮನುಷ್ಯನನ್ನು ತಿನ್ನಲು ಬರುವ ಪ್ರಾಣಿಯಲ್ಲ, ಬೆದರಿದಾಗ ಮುಖಕ್ಕೇ ಬೀಳುವ ಪ್ರಾಣಿ ಎಂಬುದನ್ನು ಅವರು ಸ್ಪಷ್ಟವಾಗಿ ಬರೆದಿದ್ದಾರೆ.

ಅಂದು ಪರವಾನಗಿ ಹೇಗಿತ್ತು?

ಹಿಂದೆ ಎಲ್ಲರೂ ಬೇಕಾದಂತೆ ಬೇಟೆಯಾಡುತ್ತಿದ್ದರು, ಈಗ ಮಾತ್ರ ಏಕೆ ನಿರ್ಬಂಧ ಎಂಬುದು ಇನ್ನೊಂದು ಸಾಮಾನ್ಯ ಪ್ರಶ್ನೆ. ಹಿಂದೆಯೂ ಕಾಡು ಯಾರಿಗೂ ಬಿಟ್ಟ ಬಯಲಾಗಿರಲಿಲ್ಲ. ಬೇಟೆಗೆ ಶುಲ್ಕ, ಋತು ಮತ್ತು ನಿಗದಿತ ಅರಣ್ಯ ಭಾಗ ಇದ್ದವು. ಪುಂಡಾನೆಯನ್ನು ಕೊಲ್ಲಲು ಸರ್ಕಾರ ಮೊದಲು ಅದನ್ನು ಪುಂಡಾನೆಯೆಂದು ಘೋಷಿಸಬೇಕಿತ್ತು. ಬೇರೆ ಆನೆ ಸಾಯಬಾರದೆಂಬ ಕಾರಣಕ್ಕೆ ಪ್ರಕಟಣೆಯಲ್ಲಿ ಆನೆಯ ಎತ್ತರ, ದಂತದ ಲಕ್ಷಣ, ಹೆಜ್ಜೆಯ ಅಳತೆಗಳನ್ನು ನಮೂದಿಸುತ್ತಿದ್ದರು. ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಇಮ್ಮಡಿಗೊಳಿಸಿದರೆ ಆನೆಯ ಭುಜದ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ. ಒಂದು ಹಗ್ಗದ ತುಂಡಿನಿಂದ ಆಗುವ ಈ ಲೆಕ್ಕ ಇಂದಿಗೂ ಸುಳ್ಳಾಗಿಲ್ಲ.

ಪರವಾನಗಿಯಿಲ್ಲದವರೂ ಇದ್ದರು. ಆಂಡರ್ಸನ್ ಅವರ ಜೀವನದ ದೊಡ್ಡ ಗೆಳೆತನಗಳಲ್ಲಿ ಒಂದಾದ ಪೂಜಾರಿ ಬುಡಕಟ್ಟಿನ ಬೈರನ ಪರಿಚಯವಾದದ್ದೇ ಅವನು ಚಿನ್ನಾರ್ ಹಳ್ಳದ ಬದಿಯಲ್ಲಿ ಹಳೆಯ ಕೋವಿ ಹಿಡಿದು ಕಳ್ಳಬೇಟೆಗೆ ಕಾದು ಕುಳಿತಿದ್ದಾಗ. ಆಂಡರ್ಸನ್ ಅವನನ್ನು ಹಿಡಿದುಕೊಡಲಿಲ್ಲ. ಅವನಿಂದ ಕಾಡನ್ನು ಕಲಿತರು. ಈ ಪ್ರಸಂಗ ಓದಲು ಸೊಗಸಾಗಿದೆ. ಆದರೆ ಬೈರನಿಗೆ ಅಂದು ದೊರೆತ ರಿಯಾಯಿತಿ ಇಂದು ಕಾನೂನಿನಲ್ಲಿ ಯಾರಿಗೂ ಇಲ್ಲ ಎಂಬುದನ್ನು ಇಲ್ಲಿಯೇ ತಿಳಿಸಬೇಕಾಗಿದೆ.

ಹೊಸಬರನ್ನು ವಂಚಿಸುವವರೂ ಅಂದೇ ಇದ್ದರು. ಮಾಗಡಿ ಚಿರತೆಯ ಕಥನದಲ್ಲಿ ಬರುವ ಮುನಿಶಾಮಿ, ಬೇಟೆಯ ಹುಚ್ಚಿನ ಪಟ್ಟಣಿಗರನ್ನು ನಂಬಿಸಿ ಹಣ ಪಡೆಯುವುದರಲ್ಲಿ ನಿಪುಣ. ಇಂದು ರೆಸಾರ್ಟ್ ಅಥವಾ ಎಸ್ಟೇಟಿನಲ್ಲಿ ಒಂದು ರಾತ್ರಿಯ ಬೇಟೆಗೆ ವ್ಯವಸ್ಥೆ ಮಾಡಿಕೊಡುವುದಾಗಿ ಯಾರಾದರೂ ಹೇಳಿದರೆ, ಅಂತಹವರಿಗೆ ಹಣ ಕೊಡುವವನು ಮುನಿಶಾಮಿಯ ಗಿರಾಕಿಗಿಂತ ಹೆಚ್ಚು ನಷ್ಟಕ್ಕೊಳಗಾಗುತ್ತಾನೆ. ಆ ಗಿರಾಕಿ ಕಳೆದುಕೊಂಡದ್ದು ಹಣ ಮಾತ್ರ.

ಕಬ್ಬಿನ ಗದ್ದೆಯ ಕರಡಿ

ಆಂಡರ್ಸನ್ ಅವರ ಬರಹಗಳಲ್ಲಿ ಇಚಿಲಂಪಾಡಿಯ ಕೃಷಿಕರಿಗೆ ಅತ್ಯಂತ ಹತ್ತಿರವಾದದ್ದು ಹುಲಿಯ ಕಥೆಯಲ್ಲ. ಬ್ರೂನೋ ಎಂಬ ಕರಡಿ ಮರಿಯ ಈ ವೃತ್ತಾಂತ ಕೇಂದ್ರೀಯ ಪಠ್ಯಕ್ರಮದ 9ನೇ ತರಗತಿಯ ಇಂಗ್ಲಿಷ್ ಪುಸ್ತಕದಲ್ಲಿ ಅನೇಕ ವರ್ಷ ಪಾಠವಾಗಿದ್ದುದರಿಂದ ಮಕ್ಕಳಿಗೂ ಪರಿಚಿತ.

ಮೈಸೂರಿನ ಸಮೀಪ ಕಬ್ಬಿನ ಗದ್ದೆಗಳಲ್ಲಿ ಜನರು ಗುಂಡು ಹಾರಿಸಿ ಕಾಡುಹಂದಿಗಳನ್ನು ಓಡಿಸುತ್ತಿದ್ದರು. ಕೆಲವು ಹಂದಿಗಳು ಸತ್ತವು, ಕೆಲವು ತಪ್ಪಿಸಿಕೊಂಡವು. ಎಲ್ಲವೂ ಮುಗಿಯಿತೆನ್ನುವಾಗ ಗದ್ದೆಯಿಂದ ಕರಡಿಯೊಂದು ಹೊರಬಂದಿತು. ಆಂಡರ್ಸನ್ ಅವರ ಜೊತೆಗಿದ್ದವರೊಬ್ಬರು ಯಾವ ಕಾರಣವೂ ಇಲ್ಲದೆ ಅದಕ್ಕೆ ಗುಂಡು ಹಾರಿಸಿದರು. ಹತ್ತಿರ ಹೋಗಿ ನೋಡಿದಾಗ ತಾಯಿಯ ಬೆನ್ನಿನ ಮೇಲಿದ್ದ ಮರಿ, ಸತ್ತ ತಾಯಿಯ ಸುತ್ತ ಅಳುತ್ತ ಓಡಾಡುತ್ತಿತ್ತು. ಅದನ್ನು ಹಿಡಿದು ಬೆಂಗಳೂರಿಗೆ ತಂದು ಆಂಡರ್ಸನ್ ತಮ್ಮ ಪತ್ನಿಗೆ ಕೊಟ್ಟರು.

ಮರಿ ಮನೆಯವರಂತೆಯೇ ಬೆಳೆಯಿತು. ಒಮ್ಮೆ ಇಲಿಗಳಿಗೆಂದು ಇಟ್ಟಿದ್ದ ಬೇರಿಯಂ ಕಾರ್ಬೊನೇಟ್ ವಿಷ ತಿಂದು ಕಾಲುಗಳ ಸ್ವಾಧೀನ ತಪ್ಪಿತು. ಪಶುವೈದ್ಯರ ಎರಡು ಚುಚ್ಚುಮದ್ದುಗಳಿಂದ ಬದುಕಿಕೊಂಡಿತು. ಇನ್ನೊಮ್ಮೆ ಒಂದು ಗ್ಯಾಲನ್ ಹಳೆಯ ಎಂಜಿನ್ ಎಣ್ಣೆ ಕುಡಿದೂ ಏನೂ ಆಗಲಿಲ್ಲ. ಬೆಳೆದು ದೊಡ್ಡದಾದ ಮೇಲೆ ಮನೆಯಲ್ಲಿಡುವುದು ಸಾಧ್ಯವಾಗದೆ ಮೈಸೂರು ಮೃಗಾಲಯಕ್ಕೆ ಕಳುಹಿಸಲಾಯಿತು. ಮೂರು ತಿಂಗಳ ನಂತರ ಶ್ರೀಮತಿ ಆಂಡರ್ಸನ್ ನೋಡಲು ಹೋದಾಗ, ಸೊರಗಿದ್ದ ಕರಡಿ ಅವರನ್ನು ದೂರದಿಂದಲೇ ಗುರುತಿಸಿತು. ಅದನ್ನು ಹಿಂದಕ್ಕೆ ಕೊಡಿರೆಂದು ಆಕೆ ಕೇಳಿದಾಗ ಕ್ಯುರೇಟರ್ ಅವರು, ಕರಡಿ ಈಗ ಸರ್ಕಾರದ ಸ್ವತ್ತಾಗಿರುವುದರಿಂದ ಬೆಂಗಳೂರಿನ ಮೇಲಧಿಕಾರಿಯ ಒಪ್ಪಿಗೆ ಬೇಕೆಂದು ತಿಳಿಸಿದರು. ಮೇಲಧಿಕಾರಿಯವರು ಒಪ್ಪಿದರು. ಅಷ್ಟೇ ಅಲ್ಲ, ಸಾಗಿಸಲು ಬೋನನ್ನೂ ಎರವಲು ಕೊಡುವಂತೆ ಪತ್ರ ಬರೆದರು. ನಿಯಮ ತಪ್ಪದೆ ದಯೆ ತೋರಿದ ಈ ಅಧಿಕಾರಿಗಳ ಹೆಸರು ಆ ಕಥನದಲ್ಲಿಲ್ಲ. ಮನೆಯಂಗಳದಲ್ಲಿ ಕರಡಿಗಾಗಿ 20 ಅಡಿ ಉದ್ದ, 15 ಅಡಿ ಅಗಲದ ದಿಬ್ಬವೊಂದನ್ನು ಮಾಡಿ, ಸುತ್ತ 6 ಅಡಿ ಅಗಲ, 7 ಅಡಿ ಆಳದ ಒಣ ಕಂದಕ ತೋಡಿಸಲಾಯಿತು.

ಈ ಪ್ರಸಂಗ ಇಂದು ನಡೆದರೆ ಕಾನೂನಿನ ದೃಷ್ಟಿಯಲ್ಲಿ ಏನಾಗುತ್ತದೆ ಎಂಬುದನ್ನು ಅರ್ಜಿದಾರರು ತಿಳಿದಿರಬೇಕು. ಕರಡಿ ವನ್ಯಜೀವಿ (ಸಂರಕ್ಷಣಾ) ಕಾಯಿದೆ, 1972ರ 1ನೇ ಅನುಸೂಚಿಯ ಪ್ರಾಣಿ. ಅದನ್ನು ಕೊಂದವರಿಗೆ 3 ವರ್ಷಕ್ಕೆ ಕಡಿಮೆಯಿಲ್ಲದ, 7 ವರ್ಷದವರೆಗಿನ ಕಾರಾಗೃಹವಾಸ ಹಾಗೂ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡವಿದೆ. ಮರಿಯನ್ನು ಕರುಣೆಯಿಂದಲೇ ಮನೆಗೆ ಒಯ್ದರೂ ಅದು ಅಪರಾಧ. ಕೂಡಲೇ ಸಮೀಪದ ಅರಣ್ಯ ಕಚೇರಿಗೆ ತಿಳಿಸತಕ್ಕದ್ದು. ಹಂದಿಯನ್ನು ಓಡಿಸಲು ಹೊರಟ ಗುಂಪೂ ನಿರಪರಾಧಿಯಾಗುವುದಿಲ್ಲ. ಕಾಯಿದೆಯಲ್ಲಿ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಉರುಳು ಒಡ್ಡುವುದು, ವಿಷವಿಡುವುದು, ಆಮಿಷವಿಟ್ಟು ಕರೆಯುವುದು, ಬೇಟೆಗಾಗಿ ಸೋವುವುದು, ಗಾಯಗೊಳಿಸುವುದು, ಇವೆಲ್ಲದರ ಪ್ರಯತ್ನವೂ ಬೇಟೆಯೇ. ಹಂದಿಗೆಂದು ಒಡ್ಡಿದ ತಂತಿಯ ಉರುಳು ಹಂದಿಯನ್ನು ಮಾತ್ರ ಆರಿಸಿಕೊಳ್ಳುವುದಿಲ್ಲ. ಅದರಲ್ಲಿ ಚಿರತೆ ಸಿಕ್ಕಿಕೊಂಡರೆ ಪ್ರಕರಣ 1ನೇ ಅನುಸೂಚಿಯದಾಗುತ್ತದೆ, ತೋಟದ ಒಡೆಯ ಆರೋಪಿಯಾಗುತ್ತಾನೆ. ವಿದ್ಯುತ್ ಮಾರ್ಗದಿಂದ ನೇರವಾಗಿ ಬೇಲಿಗೆ ಸಂಪರ್ಕ ಕೊಡುವುದರಿಂದ ಮನುಷ್ಯರೂ ಸಾಯುತ್ತಾರೆ. ಮಿಡಿತದ ಸೌರ ಬೇಲಿ ಬೇರೆಯದೇ ವ್ಯವಸ್ಥೆ, ಅದಕ್ಕೆ ಅಭ್ಯಂತರವಿಲ್ಲ.

ಕೊನೆಯ ವರ್ಷಗಳು ಮತ್ತು ಕೃತಿಗಳು

ಆಂಡರ್ಸನ್ ಅವರ ಮೊದಲ ಪುಸ್ತಕ, ಒಂಬತ್ತು ನರಭಕ್ಷಕಗಳು ಮತ್ತು ಒಂದು ಪುಂಡಾನೆಯನ್ನು ಕುರಿತದ್ದು, 1954ರಲ್ಲಿ ಪ್ರಕಟವಾಯಿತು. ಅಲ್ಲಿಂದ 1970ರವರೆಗೆ ಇನ್ನೂ ಹಲವು ಬಂದವು. ಇವುಗಳ ಕಥನಗಳನ್ನು ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು 'ಕಾಡಿನ ಕಥೆಗಳು' ಮಾಲೆಯಲ್ಲಿ ಕನ್ನಡಕ್ಕೆ ತಂದರು. 'ಬೆಳ್ಳಂದೂರಿನ ನರಭಕ್ಷಕ', 'ಪೆದ್ದಚೆರುವಿನ ರಾಕ್ಷಸ', 'ಜಾಲಹಳ್ಳಿಯ ಕುರ್ಕ', 'ಮುನಿಶಾಮಿ ಮತ್ತು ಮಾಗಡಿ ಚಿರತೆ' ಗ್ರಂಥಾಲಯಗಳಲ್ಲಿ ಇಂದಿಗೂ ಕೈಯಿಂದ ಕೈಗೆ ಹೋಗುವ ಪುಸ್ತಕಗಳು. ಆಂಡರ್ಸನ್ ಕಥೆಗೆ ಬಣ್ಣ ಕಟ್ಟುತ್ತಿದ್ದರೆಂದು ಸಂದೇಹಿಸುವ ಓದುಗರೂ ಇದ್ದಾರೆ. ಇರಬಹುದು. ಆದರೆ ಹಳ್ಳಿಗಳ ಹೆಸರು, ಹಳ್ಳದ ದಿಕ್ಕು, ಮರದ ಜಾತಿ, ಜೊತೆಗೆ ಬಂದ ಬಡವರ ಹೆಸರು ಇವುಗಳನ್ನು ಬರೆದಿಡುವ ಶ್ರದ್ಧೆ ಅವರಲ್ಲಿದ್ದಷ್ಟು ಅಂದಿನ ದೊರೆಗಳ ಬೇಟೆ ಪುಸ್ತಕಗಳಲ್ಲಿ ಕಾಣುವುದಿಲ್ಲ.

ವಯಸ್ಸಾದಂತೆ ಅವರು ಮೋಜಿನ ಬೇಟೆಯಿಂದ ದೂರ ಸರಿದರು. ಯೌವನದಲ್ಲಿ ಎಲ್ಲರಂತೆ ಆಡಿದವರೇ. ಆದರೆ ಕಾಡು ಬರಿದಾಗುತ್ತಿರುವುದನ್ನು ಕಣ್ಣಾರೆ ಕಂಡು, ರಾತ್ರಿಯ ಹೊತ್ತು ಜೀಪಿನ ಬೆಳಕಿನಲ್ಲಿ ಪ್ರಾಣಿಗಳನ್ನು ಕುರುಡಾಗಿಸಿ ಕೊಲ್ಲುವವರ ಬಗ್ಗೆ ಕಟುವಾಗಿ ಬರೆದರು. 1970ರಲ್ಲಿ ದೇಶಾದ್ಯಂತ ಹುಲಿ ಬೇಟೆ ನಿಷೇಧವಾಯಿತು. 1972ರಲ್ಲಿ ವನ್ಯಜೀವಿ ಕಾಯಿದೆ, 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಬಂದವು. 1974ರ ಆಗಸ್ಟ್ 30ರಂದು ಆಂಡರ್ಸನ್ ಅವರು ಕ್ಯಾನ್ಸರ್‌ನಿಂದ ಬೆಂಗಳೂರಿನಲ್ಲಿ ನಿಧನರಾದರು. ಅವರ ಒಂದು ಪುಸ್ತಕ ಮರಣಾನಂತರ 1976ರಲ್ಲಿ ಹೊರಬಂದಿತು.

ಈಗಿನ ಸ್ಥಿತಿ

1972ರ ಕಾಯಿದೆಯಲ್ಲಿ ಮೊದಲು ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿಯ ಅವಕಾಶ ಉಳಿದಿತ್ತು. 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಆದ್ದರಿಂದ ಹವ್ಯಾಸದ ಬೇಟೆಗೆ ಅರ್ಜಿ ನಮೂನೆ ಎಂಬುದೇ ಇಲ್ಲ. ಯಾವ ಕಚೇರಿಯಲ್ಲೂ ಅದನ್ನು ಹುಡುಕುವ ಅಗತ್ಯವಿಲ್ಲ. ಗುರಿ ಹೊಡೆಯುವ ಆಸಕ್ತಿಯಿದ್ದವರು ರೈಫಲ್ ಸಂಸ್ಥೆಗಳಲ್ಲಿ ಅದನ್ನು ಕ್ರೀಡೆಯಾಗಿ ಕಲಿಯಬಹುದು.

ಆತ್ಮರಕ್ಷಣೆಗಾಗಿ ಸದುದ್ದೇಶದಿಂದ ಪ್ರಾಣಿಯನ್ನು ಕೊಂದರೆ ಅಥವಾ ಗಾಯಗೊಳಿಸಿದರೆ ಅದು ಅಪರಾಧವಲ್ಲ. ಆದರೆ ಆ ವೇಳೆ ವ್ಯಕ್ತಿ ಕಾಯಿದೆ ಮೀರಿದ ಬೇರೆ ಕೃತ್ಯದಲ್ಲಿ ತೊಡಗಿರಬಾರದು. ಸತ್ತ ಪ್ರಾಣಿ ಸರ್ಕಾರದ ಸ್ವತ್ತಾಗುತ್ತದೆ. ಮಾಂಸ ಹಂಚಿಕೊಂಡ ಮೇಲೆ ಆತ್ಮರಕ್ಷಣೆಯ ವಾದ ನಿಲ್ಲುವುದು ಕಷ್ಟ. ಹುಲಿ, ಚಿರತೆ, ಆನೆ ಮುಂತಾದ 1ನೇ ಅನುಸೂಚಿಯ ಪ್ರಾಣಿ ಮನುಷ್ಯರ ಜೀವಕ್ಕೆ ಅಪಾಯಕಾರಿಯಾದಾಗ ಮುಖ್ಯ ವನ್ಯಜೀವಿ ಪರಿಪಾಲಕರು ಮಾತ್ರ ಕಾರಣ ಬರೆದು ಆದೇಶ ಹೊರಡಿಸಬಹುದು. ಹಿಡಿಯಲು, ಅರಿವಳಿಕೆ ನೀಡಲು, ಸ್ಥಳಾಂತರಿಸಲು ಸಾಧ್ಯವಿಲ್ಲವೆಂದು ಖಚಿತವಾದ ಮೇಲಷ್ಟೇ ಕೊಲ್ಲುವ ಮಾತು. 2023ರ ಫೆಬ್ರವರಿಯಲ್ಲಿ ಕಡಬ ತಾಲ್ಲೂಕಿನ ರೆಂಜಿಲಾಡಿಯಲ್ಲಿ ಕಾಡಾನೆಯ ದಾಳಿಗೆ ಇಬ್ಬರು ಬಲಿಯಾದಾಗ ಜನರ ಆಕ್ರೋಶ ತೀವ್ರವಾಗಿತ್ತು. ಅಲ್ಲಿಯೂ ಆನೆಯನ್ನು ಸೆರೆಹಿಡಿಯುವ ಕಾರ್ಯಾಚರಣೆಯೇ ನಡೆಯಿತು. ಕಾಡುಹಂದಿ 2ನೇ ಅನುಸೂಚಿಯಲ್ಲಿರುವುದರಿಂದ, ನಿಂತ ಬೆಳೆಗೆ ಹಾನಿಯಾದ ಸಂದರ್ಭದಲ್ಲೂ ಅಧಿಕೃತ ಅಧಿಕಾರಿಯ ಲಿಖಿತ ಆದೇಶಕ್ಕೆ ಅವಕಾಶವಿದೆ. ಲಿಖಿತ ಆದೇಶವಿಲ್ಲದೆ ಹಾರಿಸುವಂತಿಲ್ಲ.

ಬೆಳೆ ರಕ್ಷಣೆಯ ಕೋವಿಗೆ ಆಯುಧ ಕಾಯಿದೆ, 1959ರಡಿ ಪರವಾನಗಿ ನೀಡುವವರು ಜಿಲ್ಲಾ ದಂಡಾಧಿಕಾರಿಗಳು. ಆ ಪರವಾನಗಿ ಕೋವಿ ಇಟ್ಟುಕೊಳ್ಳಲು ಮಾತ್ರ. ಅದು ಬೇಟೆಯ ಅನುಮತಿಯಲ್ಲ. ಗಾಳಿಗೆ ಹಾರಿಸಿ ಬೆದರಿಸುವುದಕ್ಕೂ ಪ್ರಾಣಿಗೆ ಹಾರಿಸುವುದಕ್ಕೂ ಇರುವ ವ್ಯತ್ಯಾಸ ಇದೇ. ಕೋವಿಯನ್ನು ನೆರೆಯವರಿಗೆ ಒಂದು ರಾತ್ರಿಗೂ ಎರವಲು ಕೊಡುವಂತಿಲ್ಲ. ಚುನಾವಣೆಯ ಕಾಲದಲ್ಲಿ ಠೇವಣಿಯಿಂದ ವಿನಾಯಿತಿ ಬಯಸುವ ಕೃಷಿಕರು ಪ್ರಕಟಣೆ ಹೊರಟ ಕೂಡಲೇ ಪರಿಶೀಲನಾ ಸಮಿತಿಗೆ ಅರ್ಜಿ ಕೊಡುವುದು ಒಳ್ಳೆಯದು. ತಡವಾಗಿ ಬಂದ ಅರ್ಜಿಗಳು ಫಸಲಿನ ಕಾಲ ಮುಗಿದ ಮೇಲೆ ಇತ್ಯರ್ಥವಾಗಿ ಪ್ರಯೋಜನವಿಲ್ಲ.

ಅಜ್ಜನ ಕಾಲದ ಕೊಂಬು, ಚರ್ಮ ಅಥವಾ ದಂತವನ್ನು ವಾರಸುದಾರರಾಗಿ ಪಡೆದವರು 90 ದಿನಗಳೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸಬೇಕು. ಒಡೆತನದ ಪ್ರಮಾಣಪತ್ರವಿದ್ದು ಇಟ್ಟುಕೊಳ್ಳಲು ಇಚ್ಛೆಯಿಲ್ಲದವರು 7 ಕೆಲಸದ ದಿನಗಳ ಮುನ್ಸೂಚನೆ ನೀಡಿ ಒಪ್ಪಿಸಬಹುದು, ಇದಕ್ಕೆ ಪರಿಹಾರಧನವಿಲ್ಲ.

ಮುಂಜಾನೆ ಕತ್ತಲಲ್ಲಿ ರಬ್ಬರ್ ಟ್ಯಾಪಿಂಗ್‌ಗೆ ಅಥವಾ ಹಾಲು ಕೊಡಲು ಕಾಡುದಾರಿಯಲ್ಲಿ ಹೋಗುವವರು ಆಂಡರ್ಸನ್ ಅವರ ಒಂದು ಗಮನಿಕೆಯನ್ನು ನೆನಪಿಡುವುದು ಉಪಯುಕ್ತ. ಹುಲಿ, ಚಿರತೆಗಳು ಕಣ್ಣು ಕಿವಿಗಳನ್ನು ನಂಬುತ್ತವೆ. ಆನೆ, ಕರಡಿಗಳ ಕಣ್ಣು ಮಂದ, ಆನೆಯ ಮೂಗು ಬಹಳ ಚುರುಕು. ಗಾಳಿ ನಮ್ಮತ್ತ ಬೀಸುತ್ತಿದ್ದರೆ ಆನೆಗೆ ನಮ್ಮ ಸುಳಿವು ಸಿಗದೆ, ತಿರುವಿನಲ್ಲಿ ಎದುರುಬದುರಾಗುವ ಸಂಭವ ಹೆಚ್ಚು. ಆದ್ದರಿಂದ ಮಾತನಾಡುತ್ತ, ದೀಪ ಹಿಡಿದು, ಜೊತೆಯಾಗಿ ನಡೆಯುವುದು ಕ್ಷೇಮ.

ಪ್ರಾಣಿಗಳ ಹಾವಳಿಯ ಬಗ್ಗೆ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಬಹುದು. ಬೆಳೆ ಹಾನಿಯ ಪರಿಹಾರಕ್ಕೆ ಹಾನಿಯಾದ ಸ್ಥಳವನ್ನು ಹಾಗೆಯೇ ಉಳಿಸಿ, ಛಾಯಾಚಿತ್ರ, ಪಹಣಿ ಮತ್ತು ಬ್ಯಾಂಕ್ ಖಾತೆಯ ವಿವರಗಳೊಂದಿಗೆ ಆಯಾ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ವಿಳಂಬವಿಲ್ಲದೆ ಅರ್ಜಿ ಸಲ್ಲಿಸಲು ಕೋರಲಾಗಿದೆ. ಪರಿಹಾರದ ದರಗಳು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಅರ್ಜಿಯ ದಿನಾಂಕದಂದು ಜಾರಿಯಲ್ಲಿರುವ ಆದೇಶವನ್ನು ಅದೇ ಕಚೇರಿಯಲ್ಲಿ ವಿಚಾರಿಸತಕ್ಕದ್ದು.